ದನಿಯಕ್ಕನ ಒಂದು ಉಸಿರು

ನಮ್ಮ ಧಾರಾವಾಹಿಯಲ್ಲಿ ಆರು ವರ್ಷ ಯಾರೂ ಸತ್ತಿರಲಿಲ್ಲ. ಅದೇ ಅದರ ದೊಡ್ಡಸ್ತಿಕೆ ಎಂದು ನಾನು ಈಗಲೂ ಹೇಳುತ್ತೇನೆ, ಬೇಕಾದವರು ಜಗಳಕ್ಕೆ ಬರಲಿ. ‘ಒಂದೇ ಒಲೆ’ ಎಂದು ಅದರ ಹೆಸರು. ಒಂದು ಮನೆ, ಮೂವರು ಅಣ್ಣತಮ್ಮಂದಿರು, ಅವರ ಹೆಂಡಿರು, ಎಲ್ಲರ ಮೇಲೆ ಒಬ್ಬ ಗೊಣಗುವ ಮಾವ. ಕಥೆ ಏನು ಎಂದು ಕೇಳಿದರೆ ಹೇಳುವುದು ಕಷ್ಟ. ನಡುಮನೆಯ ಬೀರುವನ್ನು ಕಿಟಕಿಯ ಪಕ್ಕಕ್ಕೆ ಸರಿಸಬೇಕೋ ಬೇಡವೋ ಎಂದು ಒಂದು ವಾರ ಓಡಿತು. ತವರಿಗೆ ಹೋದ ಕಿರಿಸೊಸೆ ಹೇಳಿದ ದಿನಕ್ಕೆ ವಾಪಸ್ ಬರಲಿಲ್ಲ ಎಂದು ಎರಡು ವಾರ ಓಡಿತು. ಕೊನೆಗೂ ಬೀರು ಇದ್ದಲ್ಲೇ ಇತ್ತು, ಆದರೆ ಅಷ್ಟರಲ್ಲಿ ಆ ಮನೆಯ ಒಬ್ಬೊಬ್ಬರ ಒಳಗು ಹೊರಗು ನಮಗೆ ಬಾಯಿಪಾಠವಾಗಿತ್ತು. ಸಿಟ್ಟು ಬಂದರೆ ಬಾಗಿಲು ಬಡಿಯುವವರು ಯಾರು, ಪಾತ್ರೆ ತಿಕ್ಕುತ್ತಾ ಕೂರುವವರು ಯಾರು ಎಂದು ನೋಡುವವರಿಗೆಲ್ಲ ಗೊತ್ತಿತ್ತು. ಜನ ನೋಡುತ್ತಿದ್ದದ್ದೇ ಅದಕ್ಕೆ.

ನಾನು ಆ ಧಾರಾವಾಹಿಯ ಸೌಂಡಿನವನು. ಡಬ್ಬಿಂಗ್ ಕೋಣೆಯ ಗಾಜಿನ ಈಚೆ ನಾನು, ಆಚೆ ದನಿ ಕೊಡುವವರು. ಹೇಳಹೊರಟಿರುವುದು ನನ್ನ ಸಮಾಚಾರ ಅಲ್ಲ, ಗಾಜಿನ ಆಚೆ ಕೂರುವ ಒಬ್ಬ ಹೆಂಗಸಿನದು. ಅವಳನ್ನು ನಾವೆಲ್ಲ ದನಿಯಕ್ಕ ಎನ್ನುತ್ತೇವೆ. ಆ ಮನೆಯ ದೊಡ್ಡ ಸೊಸೆ, ಉಳಿದವರ ಬಾಯಲ್ಲಿ ದೊಡ್ಡತ್ತಿಗೆ, ಅವಳಿಗೆ ದನಿ ಕೊಡುವವಳು ಇವಳು. ಪರದೆಯ ಮೇಲೆ ಕಾಣುವ ನಟಿ ಬೇರೆ ಕಡೆಯಿಂದ ಬಂದವಳು. ಕಣ್ಣು ಮೂಗು ತಿದ್ದಿ ತೀಡಿದಂತಿತ್ತು, ನಮ್ಮ ಭಾಷೆ ಮಾತ್ರ ನಾಲಿಗೆಗೆ ಹತ್ತಲಿಲ್ಲ. ಅವಳು ತುಟಿ ಆಡಿಸುತ್ತಾಳೆ, ದನಿಯಕ್ಕ ಮಾತಾಡುತ್ತಾಳೆ.

ಅವಳ ಕೆಲಸದ ಕ್ರಮ ನೋಡಬೇಕು. ಬಂದವಳೇ ಚಪ್ಪಲಿ ಹೊರಗೆ ಬಿಟ್ಟು, ಬಳೆ ತೆಗೆದು ಒಂದು ತಗಡಿನ ಡಬ್ಬಿಗೆ ಹಾಕುತ್ತಾಳೆ, ಯಾಕೆಂದರೆ ಮೈಕು ಬಳೆಯ ಸದ್ದನ್ನೂ ಬಿಡುವುದಿಲ್ಲ. ಬಿಸಿನೀರಿನ ಲೋಟ ಪಕ್ಕಕ್ಕಿಟ್ಟುಕೊಂಡು ಎತ್ತರದ ಸ್ಟೂಲಿನ ಮೇಲೆ ಕೂತು, ಮಾತಿನ ಹಾಳೆ ಓದುವ ಮೊದಲೇ ನನ್ನನ್ನು ಕೇಳುತ್ತಾಳೆ: ಇವಳು ಈಗ ಎಲ್ಲಿಂದ ಬಂದಳು, ಕೈಯಲ್ಲಿ ಏನಿದೆ, ಊಟ ಆಗಿದೆಯೋ ಇಲ್ಲವೋ. ದೊಡ್ಡತ್ತಿಗೆ ಮಹಡಿ ಇಳಿದು ಬಂದಿದ್ದರೆ ದನಿಯಕ್ಕ ಆ ಪುಟ್ಟ ಕೋಣೆಯಲ್ಲೇ ನಾಲ್ಕು ಸಲ ಕೂತೆದ್ದು, ಆಮೇಲೆ ಮಾತು ಶುರು ಮಾಡುತ್ತಾಳೆ. ಬಟ್ಟೆ ಒಣಹಾಕುವ ದೃಶ್ಯವಾದರೆ ಕೈ ಮೇಲೆತ್ತಿಕೊಂಡೇ ಮಾತಾಡುತ್ತಾಳೆ. ಹೊಸದಾಗಿ ನೋಡಿದವರಿಗೆ ಇದೇನು ಹುಚ್ಚು ಅನ್ನಿಸಬೇಕು. ಆದರೆ ಕೇಳಿದಾಗ ಬಟ್ಟೆಯ ಹಸಿ ಕೂಡ ಕೇಳಿಸುತ್ತಿತ್ತು.

ಅವಳು ಕಂಡುಹಿಡಿದ ಒಂದು ದನಿಯನ್ನಂತೂ ಇಡೀ ಊರು ಗುರುತು ಹಿಡಿಯುತ್ತಿತ್ತು. ಆ ಮನೆಯಲ್ಲಿ ಎಲ್ಲರಿಗೂ ಬಡಿಸಿ ದೊಡ್ಡತ್ತಿಗೆಗೆ ಏನೂ ಉಳಿಯದ ದಿನ ಕಿರಿಸೊಸೆ, “ನಿಮ್ಮದು ಅಕ್ಕಾ?” ಎಂದು ಕೇಳಿದರೆ, “ನನ್ನ ಊಟ ಆಯ್ತು” ಎನ್ನುತ್ತಿದ್ದಳು. ಸ್ವಲ್ಪ ಬೇಗ, ಸ್ವಲ್ಪ ಮೆತ್ತಗೆ, ಕೊನೆಯಲ್ಲಿ ಒಂದು ಸಣ್ಣ ನಗು. ಅದು ಶುದ್ಧ ಸುಳ್ಳು ಎಂದು ಪರದೆಯ ಈಚೆ ಕೂತ ಎಲ್ಲರಿಗೂ ತಿಳಿಯುತ್ತಿತ್ತು, ಒಳಗಿನವರಿಗೆ ತಿಳಿಯುತ್ತಿರಲಿಲ್ಲ. ಆ ದನಿ ಎಲ್ಲಿಂದ ತಂದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ದನಿಯಕ್ಕ, ಎಲ್ಲಿಂದಲೋ ಬಂತು ಬಿಡೋ ತಮ್ಮಾ ಎಂದು ಮಾತು ತೇಲಿಸಿಬಿಟ್ಟಿದ್ದಳು.

ಎಲ್ಲಿಂದ ಬಂತು ಎಂದು ನನಗೆ ತಿಳಿಯದ್ದೇನಲ್ಲ. ಬೆಳಗ್ಗೆ ಅವಳಿಗೆ ಉಣ್ಣಲು ಪುರುಸೊತ್ತು ಇರುತ್ತಿರಲಿಲ್ಲ. ಗಂಡ ದೂರದೂರಿಗೆ ಸರಕಿನ ಲಾರಿ ಓಡಿಸುವವನು, ಮನೆಯಲ್ಲಿದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅತ್ತೆ. ಅತ್ತೆಗೆ ಕಣ್ಣು ಹೋಗಿ ಬಹಳ ಕಾಲವಾಗಿತ್ತು, ಈಚೆಗೆ ಕಾಲೂ ಸೋತಿತ್ತು. ಅವರನ್ನು ಎಬ್ಬಿಸಿ, ಸ್ನಾನ ಮಾಡಿಸಿ, ತಿನ್ನಿಸಿ, ಪಕ್ಕದ ಮನೆಯವಳಿಗೆ ಬೀಗದ ಕೈ ಕೊಟ್ಟು ಓಡಿಬರುತ್ತಿದ್ದಳು. ತಿಂದೆಯಾ ಅಕ್ಕಾ ಎಂದರೆ ಆಯ್ತು ಎನ್ನುತ್ತಿದ್ದಳು. ಮೈಕಿನ ಮುಂದೆ ಆ ಸುಳ್ಳು ನಡೆಯುವುದಿಲ್ಲ. ಒಮ್ಮೆ ದೊಡ್ಡತ್ತಿಗೆ ತವರಿನ ಕಷ್ಟ ಹೇಳಿಕೊಂಡು ಅಳುತ್ತಿರುವಾಗ ದನಿಯಕ್ಕನ ಹೊಟ್ಟೆ ಗುರ್ ಎಂದಿತು, ಆ ದೃಶ್ಯವನ್ನು ಮೊದಲಿಂದ ಮಾಡಬೇಕಾಯಿತು. ಅಂದಿನಿಂದ ನನ್ನ ಮೇಜಿನ ಖಾನೆಯಲ್ಲಿ ಅವಳಿಗೆಂದೇ ಬನ್ನು ಇರುತ್ತದೆ.

ಹೀಗೆ ಎಲ್ಲ ಚೆನ್ನಾಗಿ ನಡೆದಿದ್ದಾಗ ತಿರುವಪ್ಪ ಬಂದ.

ಅವನ ನಿಜ ಹೆಸರು ಬೇರೆ, ನಾವಿಟ್ಟ ಹೆಸರು ಇದು. ನೋಡುವವರು ಕಡಿಮೆಯಾದರು ಎಂದು ಚಾನೆಲ್ಲಿನವರು ಹಳೆಯ ಬರಹಗಾರರನ್ನು ಕಳಿಸಿ, ಕಥೆಯ ಹೊಣೆ ಇವನಿಗೆ ಕೊಟ್ಟರು. ಕೆಟ್ಟವನಲ್ಲ. ಎಲ್ಲರಿಗೂ ಚಹಾ ತರಿಸುತ್ತಿದ್ದ, ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದ. ಆದರೆ ಬಾಯಿ ತೆರೆದರೆ ತಿರುವು. ಅವನ ಕೋಣೆಯ ಗೋಡೆಯ ಮೇಲೆ ದೊಡ್ಡ ಬಿಳಿ ಹಲಗೆ, ಹಲಗೆಯ ತುಂಬ ಬಾಣದ ಗುರುತು. ಹಳೆಯ ಕಂತುಗಳನ್ನು ನೋಡಿದಿರಾ ಎಂದು ದನಿಯಕ್ಕ ಕೇಳಿದ್ದಕ್ಕೆ, ಅಷ್ಟೂ ಕಂತು ನೋಡಲು ಒಂದು ಜನ್ಮ ಸಾಲದು ಅಕ್ಕಾ, ಸಾರಾಂಶ ಓದಿದ್ದೇನೆ ಎಂದ. ಆರು ವರ್ಷದ ಸಂಸಾರದ ಸಾರಾಂಶ ಒಂದೂವರೆ ಪುಟ ಇತ್ತಂತೆ.

ಮುಂದಿನ ವಾರವೇ ಮಾವ ಮೆಟ್ಟಿಲ ಕೆಳಗೆ ಸತ್ತು ಬಿದ್ದಿದ್ದರು. ತಳ್ಳಿದ್ದು ಯಾರು? ಗುಟ್ಟನ್ನು ಹಿಡಿದಿಟ್ಟುಕೊಂಡು ಕಾಡುವ ಚಾಳಿ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ: ಯಾರು ತಳ್ಳಿದರೆಂದು ಬರೆದವನಿಗೇ ಗೊತ್ತಿರಲಿಲ್ಲ. ಮೊದಲು ಹೆಣ ಬೀಳಿಸು, ಆಮೇಲೆ ನೋಡೋಣ ಎನ್ನುವ ಲೆಕ್ಕಾಚಾರ.

ಅಂದಿನಿಂದ ಆ ಮನೆಗೆ ಏನು ಬಡಿಯಿತೋ ನನಗೆ ತಿಳಿಯದು. ಊಟ ನಿಂತಿತು, ಪಾತ್ರೆ ತಿಕ್ಕುವುದು ನಿಂತಿತು. ಬಾಗಿಲು ಬಡಿಯುತ್ತಿದ್ದ ನಡುಸೊಸೆ ಈಗ ಬಾಗಿಲ ಹಿಂದೆ ನಿಂತು ಕದ್ದು ಕೇಳತೊಡಗಿದಳು. ಆರು ವರ್ಷ ಮನುಷ್ಯರಾಗಿದ್ದವರೆಲ್ಲ ಒಂದೇ ವಾರದಲ್ಲಿ ಶಂಕಿತರಾದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ಮನೆಯಲ್ಲಿ ಎಲ್ಲರೂ ಮೂರು ಹೊತ್ತೂ ಹೆಗಲು ಮುಟ್ಟಿಕೊಳ್ಳುವವರೇ. ಯಾರೂ ಒಂದು ವಾಕ್ಯ ಮುಗಿಸುವಂತಿಲ್ಲ. “ಅವತ್ತು ನಾನು ಮೆಟ್ಟಿಲ ಹತ್ತಿರ ನೋಡಿದ್ದು...” ಎನ್ನುತ್ತಿದ್ದಂತೆ ಢಂ ಎಂದು ಸಂಗೀತ. ಆ ಢಂ ಹಾಕುವವನೂ ನಾನೇ, ಹಾಕಿ ಹಾಕಿ ತಲೆ ಚಿಟ್ಟು ಹಿಡಿದಿತ್ತು.

ನನಗಿಂತ ಹೆಚ್ಚು ರೋಸಿಹೋದವಳು ದನಿಯಕ್ಕ. ಅವಳ ಕಷ್ಟ ಕೆಲಸದ ಕಷ್ಟ. ದೊಡ್ಡತ್ತಿಗೆ ಕೊಲೆ ಮಾಡಿದ್ದಾಳೋ ಇಲ್ಲವೋ ತಿಳಿಯದೆ ಅವಳ ಬಾಯಿಂದ ಒಂದು ಗುಡ್‌ಮಾರ್ನಿಂಗ್ ಕೂಡ ಸರಿಯಾಗಿ ಬರುವುದಿಲ್ಲ ಎಂದು ಅವಳ ವಾದ. ಮಾಡಿದವಳ ಗುಡ್‌ಮಾರ್ನಿಂಗೇ ಬೇರೆ, ಮಾಡದವಳದೇ ಬೇರೆ. ಅವಳು ತಿರುವಪ್ಪನನ್ನು ತಡೆದು ನಿಲ್ಲಿಸಿ, ನನಗೊಬ್ಬಳಿಗೆ ಹೇಳಿ, ಹೊಟ್ಟೆಯಲ್ಲಿಟ್ಟುಕೊಳ್ಳುತ್ತೇನೆ ಎಂದಳು.

“ಬೇಡ ಅಕ್ಕಾ,” ಎಂದ ಅವನು. “ನಿಮಗೆ ಗೊತ್ತಾದ್ರೆ ನಿಮ್ಮ ದನೀಲಿ ಜನಕ್ಕೂ ಗೊತ್ತಾಗಿಬಿಡುತ್ತೆ.”

“ಗೊತ್ತಿಲ್ಲದೆ ಇದ್ರೆ ಅದೂ ದನೀಲಿ ಗೊತ್ತಾಗುತ್ತಲ್ಲಪ್ಪಾ. ನಾನೇನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಎಷ್ಟು ದಿನ ಮಾತಾಡ್ಲಿ?”

ಹಾಗೇ ಇಡಿ ಅಕ್ಕಾ, ನಮಗೆ ಅದೇ ಬೇಕು ಎಂದು ಅವನು ಖುಷಿಯಾಗಿ ಹೋದ.

ಆಮೇಲೆ ಆಯಿತು ನೋಡಿ ಆ ಉಸಿರಿನ ಪ್ರಸಂಗ. ಇನ್‌ಸ್ಪೆಕ್ಟರು ಮನೆಗೆ ಬಂದು ದೊಡ್ಡತ್ತಿಗೆಯನ್ನು, ನಿಮ್ಮ ಮಾವ ಬಿದ್ದಾಗ ನೀವೆಲ್ಲಿದ್ದಿರಿ ಎಂದು ಕೇಳುವ ದೃಶ್ಯ. ಅವಳು ಅಡುಗೆಮನೆಯಲ್ಲಿದ್ದೆ ಎನ್ನಬೇಕು, ಅಷ್ಟೇ. ಅಂದು ಬೆಳಗ್ಗೆ ದನಿಯಕ್ಕ ತಡವಾಗಿ ಬಂದಿದ್ದಳು. ಅತ್ತೆ ಸ್ನಾನದ ಮನೆಯಲ್ಲಿ ಜಾರುವಂತಾಗಿ, ಅವರನ್ನು ಒಬ್ಬಳೇ ತಬ್ಬಿಕೊಂಡು ಮಂಚದವರೆಗೆ ತಂದಿದ್ದಳಂತೆ. ಬಂದು ಕೂತವಳು ಇನ್‌ಸ್ಪೆಕ್ಟರ ಪ್ರಶ್ನೆ ಕೇಳಿ, ಒಂದು ಉದ್ದನೆಯ ಉಸಿರು ಬಿಟ್ಟು, ಅಡುಗೆಮನೆಯಲ್ಲಿದ್ದೆ ಎಂದಳು. ಪರದೆಯ ಮೇಲೆ ನಟಿಯೂ ಅಲ್ಲಿ ಸುಮ್ಮನೆ ತುಟಿ ಮುಚ್ಚಿ ನಿಂತಿದ್ದಳು. ಆ ಖಾಲಿ ಜಾಗದಲ್ಲಿ ಉಸಿರು ಅಚ್ಚುಕಟ್ಟಾಗಿ ಕೂತಿತು. ನಿರ್ದೇಶಕರು ತಲೆಯಾಡಿಸಿದರು, ನಾವು ಮುಂದಿನದಕ್ಕೆ ಹೋದೆವು.

ಕಂತು ಬಂದ ಮರುದಿನ ಊರಿಗೆ ಊರೇ ಆ ಉಸಿರನ್ನು ಹಿಡಿದುಕೊಂಡಿತು. ಫೋನಿನಲ್ಲಿ ಅದನ್ನೇ ಕತ್ತರಿಸಿ, ನಿಧಾನ ಮಾಡಿ, ಸುತ್ತ ಕೆಂಪು ಗುರುತು ಹಾಕಿ ಒಬ್ಬರಿಗೊಬ್ಬರು ಕಳಿಸಿದರು. ನಿರಪರಾಧಿ ಯಾಕೆ ಉಸಿರು ಬಿಡಬೇಕು ಎಂದು ಒಬ್ಬ ವಿಚಾರವಂತ ಕೇಳಿದ. ನಿರಪರಾಧಿಗಳು ಉಸಿರಾಡುವುದೇ ಇಲ್ಲವೇ ಎಂದು ಕೇಳುವವರು ಯಾರೂ ಇರಲಿಲ್ಲ. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬಸ್ಸಿನಲ್ಲಿ ದನಿಯಕ್ಕ ಟಿಕೆಟ್ ಕೇಳಿದ ದನಿ ಗುರುತು ಹಿಡಿದ ಒಬ್ಬ ಹೆಂಗಸು ಪಕ್ಕದ ಸೀಟಿನಿಂದ ಎದ್ದು ಬೇರೆ ಕಡೆ ಕೂತಳಂತೆ. ಅದನ್ನು ಹೇಳುವಾಗ ದನಿಯಕ್ಕ ನಕ್ಕಳು, ಆದರೆ ಅವಳಿಗೆ ನೋವಾಗಿತ್ತು. ಆರು ವರ್ಷ ಅದೇ ಬಸ್ಸಿನಲ್ಲಿ ಜನ ಅವಳ ದನಿ ಕೇಳಿ ಜಾಗ ಬಿಟ್ಟುಕೊಟ್ಟಿದ್ದರು.

ತಿರುವಪ್ಪ ಮಾತ್ರ ಕುಣಿಯುತ್ತಾ ಡಬ್ಬಿಂಗ್ ಕೋಣೆಗೆ ಬಂದ. ಎಂಥಾ ಸುಳಿವು ಕೊಟ್ಟಿರಿ ಅಕ್ಕಾ, ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ ಎಂದ. ಜನ ತೀರ್ಮಾನ ಮಾಡಿಯಾಗಿದೆ, ಇನ್ನು ದೊಡ್ಡತ್ತಿಗೆಯೇ ಕೊಲೆಗಾರ್ತಿ, ತಿಂಗಳ ಕೊನೆಗೆ ತಪ್ಪೊಪ್ಪಿಗೆ, ಜೈಲು, ಅಲ್ಲಿಗೆ ಅವಳ ಪಾತ್ರ ಮುಗಿಯಿತು ಎಂದು ಒಂದೇ ಉಸಿರಿಗೆ ಹೇಳಿದ. ದನಿಯಕ್ಕ ಲೋಟ ಕೆಳಗಿಟ್ಟಳು.

“ಅದು ಅವಳ ಉಸಿರಲ್ಲ, ನಂದು. ನನಗೆ ಆಯಾಸ ಆಗಿತ್ತು.”

“ಇರಬಹುದು. ಜನ ನಂಬಿಬಿಟ್ಟಿದ್ದಾರಲ್ಲ.”

“ನೋಡಪ್ಪಾ, ಅವಳು ಅಂಥ ಹೆಂಗಸಲ್ಲ. ಮಾವನ ಮೇಲೆ ಸಿಟ್ಟು ಬಂದ್ರೆ ಅವಳು ಮಾತು ಬಿಡ್ತಾಳೆ. ಅವರ ಚಹಾಕ್ಕೆ ಸಕ್ಕರೆ ಕಮ್ಮಿ ಹಾಕ್ತಾಳೆ. ಅವರು ಕೆಮ್ಮಿದ್ರೆ ಮತ್ತೆ ತಾನೇ ನೀರು ತಗೊಂಡು ಹೋಗ್ತಾಳೆ. ಅದೇ ಅವಳು. ಅಂಥವಳು ತಳ್ಳೋದಾ?”

“ಅದಕ್ಕೇ ಅಕ್ಕಾ ಚೆನ್ನಾಗಿರೋದು. ಯಾರೂ ಊಹಿಸಿರಲ್ಲ.”

ಯಾರೂ ಊಹಿಸದ್ದೇ ಬೇಕಿದ್ದರೆ ಆ ಬೀರುವೇ ನಡೆದುಬಂದು ತಳ್ಳಿತು ಎನ್ನಿ ಎಂದು ನಾನು ಗಾಜಿನ ಈಚೆಯಿಂದ ಹೇಳಿದೆ. ಮೈಕ್ ಆನ್ ಇತ್ತು, ಅವನಿಗೆ ಕೇಳಿಸಿತು. ಬೇಸರ ಮಾಡಿಕೊಳ್ಳಲಿಲ್ಲ. ಒಂದು ಗಳಿಗೆ ಅದನ್ನೂ ಯೋಚಿಸಿದ ಹಾಗೆ ಕಂಡಿತು.

ಆ ಭಾನುವಾರ ದನಿಯಕ್ಕನ ಮನೆಗೆ ಹೋಗಿದ್ದೆ. ಅತ್ತೆಯ ಟೀವಿಯ ಸದ್ದು ಗೊರಗೊರ ಎನ್ನುತ್ತಿದೆ, ನೋಡು ಬಾ ಎಂದಿದ್ದಳು. ಒಂದು ಮಲಗುವ ಕೋಣೆ, ಒಂದು ಅಡುಗೆಮನೆ, ನಡುವೆ ಅತ್ತೆಯ ಮಂಚ. ಟೀವಿಯನ್ನು ಮಂಚದ ತಲೆದೆಸೆಯಲ್ಲಿಟ್ಟಿದ್ದರು, ಕಿವಿಗೆ ಹತ್ತಿರ ಇರಲಿ ಎಂದು. ಅತ್ತೆ ತೆಳ್ಳಗೆ, ಎತ್ತರದ ಹೆಂಗಸು, ಮಾತು ಕತ್ತರಿ. ಸೊಸೆ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಹಿಂದಿನ ದಿನದ ಕಂತು ಮರುಪ್ರಸಾರವಾಗುತ್ತದೆ. ಅದನ್ನು ಹಾಕಿಕೊಂಡರೆ ಸೊಸೆ ಮನೆಯಲ್ಲೇ ಓಡಾಡಿಕೊಂಡಿರುವ ಹಾಗಿರುತ್ತದೆ, ಕಣ್ಣಿಲ್ಲದವಳಿಗೆ ದೊಡ್ಡತ್ತಿಗೆ ಯಾರು, ನನ್ನ ಸೊಸೆ ಯಾರು, ಎಲ್ಲ ಒಂದೇ ಎಂದು ಅವರೇ ಹೇಳಿದರು. ಈಗ ದೊಡ್ಡತ್ತಿಗೆಯನ್ನು ಜೈಲಿಗೆ ಕಳಿಸುತ್ತಾರೆ ಎಂದರೆ ಅವರ ಮಧ್ಯಾಹ್ನವೇ ಹೋದಂತೆ.

ಟೀವಿಯ ಬೆನ್ನು ಬಿಚ್ಚಿ ಕೂತಿದ್ದ ನನಗೆ ಅವರು ಬೈಗುಳ ಶುರು ಮಾಡಿದರು. ನಾನೇ ಬರೆದವನೋ ಎಂಬಂತೆ.

“ಮೊದಲೆಲ್ಲ ಮಾತಾಡ್ತಿದ್ರು, ನನಗೂ ಕಥೆ ಕಾಣ್ತಿತ್ತು. ಈಗ ಬರೀ ಢಂ. ಢಂ ಅಂದ್ಮೇಲೆ ಸುಮ್ನಿರ್ತಾರೆ. ಯಾಕೆ ಅಂದ್ರೆ ಒಬ್ಬರನ್ನೊಬ್ಬರು ನೋಡ್ತಾರಂತೆ. ನೋಡಿದ್ರೆ ನನಗೇನು ಬಂತು? ನನ್ನಂಥವಳು ಏನು ಮಾಡ್ಬೇಕು?”

ನಾನು ಸ್ಕ್ರೂ ತಿರುಗಿಸುತ್ತಾ ಕೂತೆ. ಅತ್ತೆ ನಂತರ ದನಿ ತಗ್ಗಿಸಿದರು. ದನಿಯಕ್ಕ ಅಡುಗೆಮನೆಯಲ್ಲಿದ್ದಳು, ಆದರೆ ಆ ಮನೆ ಎಷ್ಟು ದೊಡ್ಡದು, ಎಲ್ಲ ಅಲ್ಲಿಗೂ ಕೇಳಿಸುತ್ತಿತ್ತು.

“ಆ ಉಸಿರು ದೊಡ್ಡತ್ತಿಗೇದಲ್ಲ ಕಣಪ್ಪಾ. ದಿನಾ ಬೆಳಗ್ಗೆ ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತೋವಾಗ ನನ್ನ ಕಿವೀಲಿ ಬಿಡ್ತಾಳಲ್ಲ, ಅದು. ನನಗೆ ಒಂದೇ ಸಲಕ್ಕೆ ಗೊತ್ತಾಯ್ತು. ಅವಳಿಗೆ ಅಷ್ಟು ಭಾರ ಆಗಿದ್ದೀನಿ ಅಂತ ಟೀವಿ ನೋಡಿ ತಿಳಿಬೇಕಾಯ್ತು.”

ದನಿಯಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ನೇರವಾಗಿ ಬಂದು ಮಂಚದ ಅಂಚಿನಲ್ಲಿ ಕೂತು, ಅತ್ತೆಯ ಹೊದಿಕೆ ಸರಿಮಾಡಿದಳು.

“ಭಾರ ಏನಿಲ್ಲ ಅತ್ತೆ,” ಎಂದಳು.

ಸ್ವಲ್ಪ ಬೇಗ, ಸ್ವಲ್ಪ ಮೆತ್ತಗೆ, ಕೊನೆಯಲ್ಲಿ ಸಣ್ಣ ನಗು. ನಾನು ಟೀವಿಯ ತಂತಿ ಹಿಡಿದುಕೊಂಡು ತಲೆ ಬಗ್ಗಿಸಿದೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಮರುದಿನದಿಂದ ಅವರು ಮಂಚದ ಸರಳಿಗೆ ಒಂದು ಬಟ್ಟೆ ಕಟ್ಟಿಸಿಕೊಂಡು, ಅದನ್ನು ಹಿಡಿದು ತಾವೇ ಏಳಲು ನೋಡುತ್ತಾರೆ, ಏಳಲಾಗದೆ ಹಟ ಮಾಡುತ್ತಾರೆ, ನನಗೆ ಮುಟ್ಟಲೂ ಬಿಡುವುದಿಲ್ಲ ಎಂದು ದನಿಯಕ್ಕ ಬಂದು ಹೇಳಿದಳು. ಒಂದು ದರಿದ್ರ ಗುಟ್ಟಿಗೋಸ್ಕರ ನನ್ನ ಸಂಸಾರಕ್ಕೂ ಬೆಂಕಿ ಹಚ್ಚಿದರಲ್ಲ ಎಂದು ತಿರುವಪ್ಪನಿಗೆ ಶಾಪ ಹಾಕಿದಳು. ಅವಳು ಶಾಪ ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಪ್ಪೊಪ್ಪಿಗೆಯ ದಿನ ಬಂತು. ಚಿತ್ರೀಕರಣ ಮುಗಿದಿತ್ತು, ತುಟಿ ಆಡಿಯಾಗಿತ್ತು, ಇನ್ನು ಮಾತು ಬದಲಿಸುವಂತಿಲ್ಲ. ದೊಡ್ಡತ್ತಿಗೆ ಇನ್‌ಸ್ಪೆಕ್ಟರ ಮುಂದೆ ನಿಂತು, ಹೌದು, ಮಾವನನ್ನು ತಳ್ಳಿದ್ದು ನಾನೇ ಎನ್ನಬೇಕು. ಕೊನೆಗೊಂದು ನಗು. ಕೊಲೆಗಾರ್ತಿಯ ನಗು ಬೇಕು ಎಂದು ನಟಿಗೆ ಹೇಳಿದ್ದರಂತೆ. ಪಾಪ, ಅವಳಿಗೆ ಬಂದದ್ದು ಒಂದು ಸಣ್ಣ, ಸಂಕೋಚದ ನಗು.

ತಿರುವಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ಆರು ವರ್ಷ ಅದುಮಿಟ್ಟ ವಿಷ ಹೊರಗೆ ಬರಬೇಕು ಅಕ್ಕಾ ಎಂದ. ದನಿಯಕ್ಕ ಹಾಗೇ ಮಾಡಿದಳು. ವಿಷ ಬಂತು, ಆದರೆ ನಗುವಿಗೂ ವಿಷಕ್ಕೂ ತಾಳೆಯಾಗಲಿಲ್ಲ, ಮುಖ ಒಂದು ಕಡೆ, ದನಿ ಒಂದು ಕಡೆ. ಮತ್ತೊಮ್ಮೆ ಮಾಡಿದಳು, ಆಗಲೂ ಕೂರಲಿಲ್ಲ. ಅವಳು ಹಾಳೆಯನ್ನು ಪಕ್ಕಕ್ಕಿಟ್ಟು, ಆ ನಗುವನ್ನೇ ಮೂರು ನಾಲ್ಕು ಸಲ ಹಾಕಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಇವಳ ಊಟ ಆಗಿದೆಯಾ ತಮ್ಮಾ ಎಂದು ಕೇಳಿದಳು. ಆ ದೃಶ್ಯದಲ್ಲಿ ಊಟದ ಮಾತೇ ಇರಲಿಲ್ಲ. ನನಗೆ ಅರ್ಥವಾಯಿತು. ಇಲ್ಲ ಅಕ್ಕಾ, ಆಗಿಲ್ಲ ಎಂದೆ.

ಮೂರನೆಯ ಸಲ ಅವಳು ಹೇಳಿದಳು. ಹೌದು, ಮಾವನನ್ನು ತಳ್ಳಿದ್ದು ನಾನೇ. ಸ್ವಲ್ಪ ಬೇಗ, ಸ್ವಲ್ಪ ಮೆತ್ತಗೆ. ನಗು ತುಟಿಯ ಮೇಲೆ ಅಂಟಿಸಿದ ಹಾಗೆ ಕೂತಿತು.

ನಾನು ತಿರುವಪ್ಪನ ಮುಖ ನೋಡಿದೆ. ಹಳೆಯ ಕಂತುಗಳಲ್ಲಿ ಒಂದನ್ನು ನೋಡಿದ್ದರೂ ಸಾಕಿತ್ತು, ಅವನಿಗೆ ತಿಳಿಯುತ್ತಿತ್ತು. ಅವನು ಕಣ್ಣರಳಿಸಿ, ಅಬ್ಬಾ, ಎಷ್ಟು ತಣ್ಣಗೆ ಹೇಳ್ತಾಳೆ, ಮೈ ಜುಮ್ಮೆನ್ನುತ್ತದೆ, ಇದನ್ನೇ ಇಡಿ ಎಂದ. ಸಾರಾಂಶದಲ್ಲಿ ದನಿ ಇರುವುದಿಲ್ಲವಲ್ಲ. ನಾನು ಅದನ್ನೇ ಇಟ್ಟೆ.

ಆಮೇಲೆ ಏನಾಯಿತು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಕಂತು ಬಂದ ರಾತ್ರಿಯಿಂದಲೇ ಜನ ಬರೆದದ್ದೇ ಬರೆದದ್ದು: ದೊಡ್ಡತ್ತಿಗೆ ಸುಳ್ಳು ಹೇಳುತ್ತಿದ್ದಾಳೆ, ಇದು ಅವಳ ‘ಊಟ ಆಯ್ತು’ ದನಿ, ಯಾರದೋ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡಿದ್ದಾಳೆ. ಬಸ್ಸಿನಲ್ಲಿ ದನಿಯಕ್ಕನಿಗೆ ಮತ್ತೆ ಜಾಗ ಸಿಕ್ಕಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನು ಬೀಗಿದ್ದೆ. ಹಾವು ಸಾಯಲಿಲ್ಲ ಎನ್ನುವುದೇ ತೊಂದರೆಯಾಯಿತು. ತಿರುವಪ್ಪ ಮತ್ತೆ ಕುಣಿಯುತ್ತಾ ಬಂದ. ಹಾಗಾದರೆ ಅವಳು ಯಾರನ್ನು ಕಾಪಾಡುತ್ತಿದ್ದಾಳೆ? ಹೊಸ ತಿರುವು! ಹಲಗೆ ಒರೆಸಿ ಹೊಸ ಬಾಣ ಎಳೆದ. ದೊಡ್ಡತ್ತಿಗೆಯನ್ನು ಜಾಮೀನಿನ ಮೇಲೆ ಮನೆಗೆ ಕರೆತಂದ, ಪಾತ್ರ ಉಳಿಯಿತು. ಗುಟ್ಟೂ ಉಳಿಯಿತು. ಈಗ ಅನುಮಾನ ಆ ಇನ್‌ಸ್ಪೆಕ್ಟರ ಮೇಲೆಯೇ ಇದೆ, ನಾನು ಇನ್ನೂ ಢಂ ಹಾಕುತ್ತಾ ಕೂತಿದ್ದೇನೆ. ಇದು ಎಂದು ಮುಗಿಯುತ್ತದೋ, ನನಗೂ ತಿಳಿಯದು, ಅವನಿಗಂತೂ ತಿಳಿಯದು.

ನಾನು ಹೇಳಬೇಕೆಂದಿದ್ದು ತಪ್ಪೊಪ್ಪಿಗೆಯ ಕಂತು ಬಂದ ಸಂಜೆಯ ಮಾತು. ಅತ್ತೆಗೆ ನಾವು ಏನೂ ಹೇಳಿರಲಿಲ್ಲ. ಸದ್ದು ಸರಿಯಾಗಿದೆಯೇ ನೋಡುವ ನೆಪದಲ್ಲಿ ನಾನೂ ಹೋಗಿದ್ದೆ. ಅತ್ತೆ ಗೋಡೆಗೆ ಒರಗಿ, ಸರಳಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಸೊಸೆಯೊಂದಿಗೆ ಅಷ್ಟು ದಿನದಿಂದ ಬೇಕಾದಷ್ಟೇ ಮಾತು. ದನಿಯಕ್ಕ ಅತ್ತೆಗೆ ಉಣ್ಣಿಸಿ, ತಟ್ಟೆ ತೆಗೆದು, ಗೋಡೆಯ ಪಕ್ಕ ನಿಂತಿದ್ದಳು. ನಿನ್ನದು ಎಂದು ಅತ್ತೆ ಕೇಳಿದ್ದಕ್ಕೆ, ಆಯ್ತು ಅತ್ತೆ ಎಂದಿದ್ದಳು.

ಇನ್‌ಸ್ಪೆಕ್ಟರು ಕೇಳಿದರು. ದೊಡ್ಡತ್ತಿಗೆ ಹೇಳಿದಳು. ನಾನು ಹಾಕಿದ ಢಂ ಬಂತು. ಆ ಢಂ ಮುಗಿಯುವುದರೊಳಗೆ ಅತ್ತೆ ನಕ್ಕುಬಿಟ್ಟರು.

“ಸುಳ್ಳಿ,” ಎಂದರು. “ಇವಳು ತಳ್ಳಿಲ್ಲ. ಇವಳಿಗೆ ತಳ್ಳೋಕೆ ಬರಲ್ಲ.”

ದನಿಯಕ್ಕನ ಮುಖ ಅರಳಿತು. ಅಷ್ಟು ದಿನದ ಪೀಕಲಾಟ ಆ ಒಂದು ಮಾತಿಗೆ ಸಾರ್ಥಕವಾಯಿತು ಎಂಬಂತೆ ನನ್ನ ಕಡೆ ನೋಡಿದಳು. ಹೇಗೆ ಗೊತ್ತಾಯಿತು ಅತ್ತೆ ಎಂದು ಕೇಳಿದಳು. ಕೇಳಬಾರದಿತ್ತೋ ಏನೋ. ಅತ್ತೆಯ ನಗು ನಿಂತಿತು. ಅವರು ಸೊಸೆಯ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

“ಭಾರ ಏನಿಲ್ಲ ಅತ್ತೆ ಅಂದೆಯಲ್ಲ ಅವತ್ತು, ಅದೇ ದನಿ. ಈಗ ಊಟ ಆಯ್ತು ಅಂದೆಯಲ್ಲ, ಅದೂ ಅದೇ ದನಿ. ಎಷ್ಟು ವರ್ಷದಿಂದ ಹೇಳ್ತಿದ್ದೀಯೇ?”

ದನಿಯೇ ಹೊಟ್ಟೆಪಾಡಾಗಿರುವ ಹೆಂಗಸಿಗೆ ಆ ಹೊತ್ತಿನಲ್ಲಿ ಯಾವ ದನಿಯೂ ಉಳಿದಿರಲಿಲ್ಲ. ಟೀವಿಯಲ್ಲಿ ಇನ್ನೊಂದು ಢಂ ಬಂತು. ಅದನ್ನು ಆರಿಸಪ್ಪಾ ಎಂದು ಅತ್ತೆ ನನಗೆ ಹೇಳಿದರು. ಆರಿಸಿದೆ. ಅವರು ಮುಷ್ಟಿಯಲ್ಲಿದ್ದ ಬಟ್ಟೆಯನ್ನು ಬಿಟ್ಟು, ಮಂಚದ ಮೇಲೆ ತಮ್ಮ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

“ನಾಳೆಯಿಂದ ಎತ್ತು. ಭಾರ ಆದ್ರೆ ಭಾರ ಅಂತ ಹೇಳಿ ಎತ್ತು. ಈಗ ಹೋಗು, ತಟ್ಟೆ ಹಾಕ್ಕೊಂಡು ಬಂದು ಇಲ್ಲೇ ಕೂತು ತಿನ್ನು. ನನಗೆ ಕಾಣಲ್ಲ, ಅಗಿಯೋದು ಕೇಳಿಸುತ್ತೆ.”